ಎಂಜಿನ್ ನೀರು ಕುಡಿಯುವುದಿಲ್ಲ, ಕಳೆದುಕೊಳ್ಳುತ್ತದೆ: ಹಳೆಯ ಕಾರಿನ ಕೂಲಂಟ್ ಸೋರಿಕೆ ಪತ್ತೆ ಹೇಗೆ?

ಬಾದಾಮಿ: ಏಪ್ರಿಲ್–ಮೇ ತಿಂಗಳ ಬಿಸಿಲು ಇಲ್ಲಿನ ಕೆಂಪು ಮರಳುಗಲ್ಲಿನ ಬೆಟ್ಟಗಳನ್ನು ಕಾಯಿಸತೊಡಗಿದಾಗ ಹಳೆಯ ಕಾರುಗಳ ಮಾಲೀಕರ ಸಂಕಟವೂ ಆರಂಭವಾಗುತ್ತದೆ. ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಸಮೀಪಿಸುವ ದಿನಗಳಲ್ಲಿ, ಪ್ರವಾಸಿಗರನ್ನು ಹೊತ್ತು ಪಟ್ಟದಕಲ್ಲು, ಐಹೊಳೆಯತ್ತ ಹೊರಟ ವಾಹನವೊಂದು ಬಾನೆಟ್ ತೆರೆದುಕೊಂಡು ರಸ್ತೆ ಬದಿ ನಿಂತಿರುವ ದೃಶ್ಯ ಅಪರೂಪವೇನಲ್ಲ. ‘ಗಾಡಿ ನೀರು ಕುಡೀಲಾಕ ಹತ್ತೈತ್ರಿ’ ಎಂಬುದು ಗ್ಯಾರೇಜಿಗೆ ಬರುವ ಚಾಲಕರ ಸಾಮಾನ್ಯ ದೂರು. ಡಿಕ್ಕಿಯಲ್ಲಿ ಎರಡು ಬಾಟಲಿ ನೀರು ಇಟ್ಟುಕೊಂಡು, ದಿನಕ್ಕೊಮ್ಮೆ ರೇಡಿಯೇಟರ್ ತುಂಬಿಸಿ ಕಾಲ ತಳ್ಳುವವರೇ ಹೆಚ್ಚು.

ಆದರೆ ಎಂಜಿನ್ ನೀರು ಕುಡಿಯುವ ಯಂತ್ರವಲ್ಲ. ಅದರ ತಂಪುಗೊಳಿಸುವ ವ್ಯವಸ್ಥೆ ಮುಚ್ಚಿದ ಸುತ್ತು. ಎಲ್ಲವೂ ಸರಿಯಿದ್ದರೆ ತಿಂಗಳುಗಟ್ಟಲೆ ಒಂದು ಲೋಟ ನೀರನ್ನೂ ಸೇರಿಸುವ ಅಗತ್ಯ ಬೀಳುವುದಿಲ್ಲ. ಮಟ್ಟ ಪದೇಪದೇ ಇಳಿಯುತ್ತಿದೆಯೆಂದರೆ ಆ ದ್ರವ ಎಲ್ಲಿಗೋ ಹೋಗುತ್ತಿದೆ ಎಂದೇ ಅರ್ಥ. ನೀರು ತುಂಬಿಸುವುದರಿಂದ ಆ ದಿನದ ಪ್ರಯಾಣ ಸಾಗಬಹುದು, ದೋಷ ಮಾತ್ರ ಮರೆಯಲ್ಲಿ ಬೆಳೆಯುತ್ತಲೇ ಇರುತ್ತದೆ. ಒಂದು ಕ್ಲಿಪ್ ಬಿಗಿ ಮಾಡಿದ್ದರೆ ಮುಗಿಯುತ್ತಿದ್ದ ಕೆಲಸ, ಕೊನೆಗೆ ಸಿಲಿಂಡರ್ ಹೆಡ್ ಬಿಚ್ಚುವ ಖರ್ಚಿಗೆ ತಂದು ನಿಲ್ಲಿಸುತ್ತದೆ. ಬಾಡಿಗೆ ಓಡಿಸಿ ಬದುಕುವ ಕುಟುಂಬಕ್ಕೆ ಅದು ವಾರಗಟ್ಟಲೆ ದುಡಿಮೆಯ ನಷ್ಟವೂ ಹೌದು.

ನೀರಿನ ಕೆಲಸವೇನು?

ಎಂಜಿನ್‌ನಲ್ಲಿ ಉರಿಯುವ ಇಂಧನದ ಶಕ್ತಿಯ ಸುಮಾರು ಮೂರನೇ ಒಂದು ಭಾಗ ಶಾಖವಾಗಿ ಕೂಲಂಟ್‌ಗೆ ಸೇರುತ್ತದೆ. ವಾಟರ್ ಪಂಪ್ ಈ ದ್ರವವನ್ನು ಎಂಜಿನ್ ಬ್ಲಾಕ್, ಹೆಡ್‌ಗಳ ಒಳದಾರಿಗಳಲ್ಲಿ ತಿರುಗಿಸಿ ರೇಡಿಯೇಟರ್‌ಗೆ ಕಳುಹಿಸುತ್ತದೆ. ಅಲ್ಲಿ ಗಾಳಿಗೆ ಶಾಖ ಬಿಟ್ಟುಕೊಟ್ಟ ದ್ರವ ಮತ್ತೆ ಎಂಜಿನ್ ಸೇರುತ್ತದೆ. ಸಣ್ಣ ಕಾರಿನಲ್ಲಿ ಹೀಗೆ ಸುತ್ತುವುದು ಒಟ್ಟು ಮೂರು–ನಾಲ್ಕು ಲೀಟರ್ ಮಾತ್ರ. ದಿನಕ್ಕೆ 100 ಮಿಲಿಲೀಟರ್ ಕಳೆದುಕೊಂಡರೂ ತಿಂಗಳಲ್ಲಿ ಮೂರು ಲೀಟರ್ ಆಯಿತು. ಅಂದರೆ ಇಡೀ ವ್ಯವಸ್ಥೆಯ ಬಹುಪಾಲು.

ಈ ಸುತ್ತು ಒತ್ತಡದಲ್ಲಿ ಕೆಲಸ ಮಾಡುತ್ತದೆ ಎಂಬುದು ಅನೇಕರಿಗೆ ತಿಳಿದಿರುವುದಿಲ್ಲ. ರೇಡಿಯೇಟರ್ ಮುಚ್ಚಳದಲ್ಲಿರುವ ಸ್ಪ್ರಿಂಗ್ ಆವಿಯನ್ನು ತಡೆಹಿಡಿದು ಒಳಗಿನ ಒತ್ತಡವನ್ನು ಏರಿಸುತ್ತದೆ. ಮುಚ್ಚಳ 0.9 ಬಾರ್ ಒತ್ತಡದ್ದಾದರೆ 100 ಡಿಗ್ರಿಗೆ ಕುದಿಯಬೇಕಾದ ನೀರು ಸುಮಾರು 118 ಡಿಗ್ರಿವರೆಗೆ ಕುದಿಯದೆ ಇರುತ್ತದೆ. ಒತ್ತಡ ನಿಲ್ಲದ ಕಾರು ಕುದಿಯುವುದೂ ಬೇಗ, ನೀರು ಕಳೆದುಕೊಳ್ಳುವುದೂ ಬೇಗ.

ಮೊದಲು ಅಳತೆ, ಆಮೇಲೆ ಅನುಮಾನ

ನೀರು ನಿಜವಾಗಿಯೂ ಕಡಿಮೆಯಾಗುತ್ತಿದೆಯೇ, ಆಗುತ್ತಿದ್ದರೆ ಎಷ್ಟು ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ನಾಲ್ಕು ಲೀಟರ್ ನೀರು ಕಾದಾಗ ಸುಮಾರು 150 ಮಿಲಿಲೀಟರ್‌ನಷ್ಟು ಹಿಗ್ಗುತ್ತದೆ. ಆದ್ದರಿಂದ ಬಿಸಿ ಎಂಜಿನ್‌ನ ಮಟ್ಟವನ್ನೂ ತಣ್ಣಗಿನ ಎಂಜಿನ್‌ನ ಮಟ್ಟವನ್ನೂ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಬೆಳಿಗ್ಗೆ ಗಾಡಿ ಚಾಲೂ ಮಾಡುವ ಮುನ್ನ, ಸಮತಟ್ಟಾದ ಜಾಗದಲ್ಲಿ, ಬಾಟಲಿಯ ಮೇಲೆ ಒಂದು ಪಟ್ಟಿ ಅಂಟಿಸಿ ಗುರುತು ಮಾಡಬೇಕು. ಒಂದು ವಾರ ಪ್ರತಿದಿನ ಮಟ್ಟ, ಓಡಿದ ಕಿಲೋಮೀಟರ್ ಹಾಗೂ ಸೇರಿಸಿದ ನೀರಿನ ಅಳತೆಯನ್ನು ಬರೆದಿಟ್ಟರೆ ಅರ್ಧ ರೋಗನಿದಾನ ಅಲ್ಲಿಗೇ ಮುಗಿಯಿತು.

ಪ್ಲಾಸ್ಟಿಕ್ ಬಾಟಲಿ ತುಂಬಿದೆಯೆಂದು ಸಮಾಧಾನಪಡುವುದೂ ಸಲ್ಲದು. ಮಾರುತಿ 800ರಂಥ ಕಾರುಗಳಲ್ಲಿ ಈ ಬಾಟಲಿ ಬರೀ ದಾಸ್ತಾನು. ನಿಜವಾದ ಮಟ್ಟ ರೇಡಿಯೇಟರ್‌ನಲ್ಲಿರುತ್ತದೆ. ಎಂಜಿನ್ ತಣ್ಣಗಾದಾಗ ಬಾಟಲಿಯಿಂದ ನೀರು ರೇಡಿಯೇಟರ್‌ಗೆ ಮರಳಬೇಕು. ಮುಚ್ಚಳದ ಒಳವಾಲ್ವ್ ಅಂಟಿಕೊಂಡಿದ್ದರೆ ಅಥವಾ ನಡುವಿನ ಸಣ್ಣ ಪೈಪ್ ಸೀಳಿದ್ದರೆ ಬಾಟಲಿ ತುಂಬಿಯೇ ಇರುತ್ತದೆ, ರೇಡಿಯೇಟರ್ ಮಾತ್ರ ಬರಿದಾಗುತ್ತದೆ. ಹೀಗಾಗಿ ಎಂಜಿನ್ ಸಂಪೂರ್ಣ ತಣ್ಣಗಿರುವಾಗ ಮುಚ್ಚಳ ತೆಗೆದು ನೋಡುವುದೇ ಸರಿಯಾದ ಪರೀಕ್ಷೆ.

ಇದಕ್ಕೆ ವಿರುದ್ಧವಾದ ಸಂದರ್ಭವೂ ಉಂಟು. ದಾಸ್ತಾನು ಬಾಟಲಿಯೇ ಇಲ್ಲದ ಹಳೆಯ ಕಾರುಗಳಲ್ಲಿ ಕಂಠದವರೆಗೆ ತುಂಬಿದ ನೀರು ಹಿಗ್ಗಿ, ಹೆಚ್ಚಾದದ್ದು ಪೈಪಿನ ಮೂಲಕ ನೆಲಕ್ಕೆ ಬೀಳುತ್ತದೆ. ಕಂಠಕ್ಕಿಂತ ಒಂದು ಅಂಗುಲದಷ್ಟು ಕೆಳಗೆ ಮಟ್ಟ ತಾನಾಗಿ ನಿಂತುಬಿಡುತ್ತದೆ. ಮಾಲೀಕರು ಅದನ್ನು ಸೋರಿಕೆಯೆಂದು ಬಗೆದು ಮತ್ತೆ ತುಂಬುತ್ತಾರೆ, ಕಾರು ಮತ್ತೆ ಹೊರಹಾಕುತ್ತದೆ. ಒಮ್ಮೆ ತುಂಬದೆ ಬಿಟ್ಟು, ಮಟ್ಟ ಅಲ್ಲಿಯೇ ನಿಲ್ಲುವುದೋ ಇನ್ನೂ ಇಳಿಯುವುದೋ ನೋಡಿದರೆ ಸಂದೇಹ ಪರಿಹಾರವಾಗುತ್ತದೆ.

ಹೊರಗಿನ ಸೋರಿಕೆಯ ಗುರುತುಗಳು

ನೀರು ಕಳೆದುಹೋಗುವ ದಾರಿಗಳು ಮೂರೇ: ಎಂಜಿನ್‌ನ ಹೊರಕ್ಕೆ, ಸಿಲಿಂಡರ್‌ನೊಳಕ್ಕೆ ಅಥವಾ ಆಯಿಲ್‌ನೊಳಕ್ಕೆ. ಇವುಗಳಲ್ಲಿ ಹೊರಗಿನ ಸೋರಿಕೆಯೇ ಹೆಚ್ಚು ಸಾಮಾನ್ಯ, ಪತ್ತೆ ಮಾಡಲು ಸುಲಭ, ರಿಪೇರಿಯ ವೆಚ್ಚವೂ ಕಡಿಮೆ. ಆದ್ದರಿಂದ ತಪಾಸಣೆ ಅಲ್ಲಿಂದಲೇ ಆರಂಭವಾಗಬೇಕು.

ರಾತ್ರಿ ಗಾಡಿ ನಿಲ್ಲಿಸುವಾಗ ಎಂಜಿನ್ ಕೆಳಗೆ ಒಂದು ದೊಡ್ಡ ರಟ್ಟು ಹಾಸಿಟ್ಟರೆ ಬೆಳಿಗ್ಗೆ ಹನಿ ಬಿದ್ದ ಜಾಗ ತಿಳಿಯುತ್ತದೆ. ಕೂಲಂಟ್ ಹಾಕಿದ ಗಾಡಿಯಾದರೆ ಕಲೆ ಹಸಿರು ಅಥವಾ ಕೆಂಪು ಛಾಯೆಯದಾಗಿದ್ದು, ಬೆರಳಿಗೆ ಜಿಡ್ಡೆನಿಸುತ್ತದೆ, ಸಿಹಿ ವಾಸನೆಯಿರುತ್ತದೆ. ಹವಾನಿಯಂತ್ರಣವಿರುವ ಕಾರಿನಲ್ಲಿ ಎ.ಸಿ. ಓಡಿದ ಮೇಲೆ ಬೀಳುವ ನೀರು ಬಣ್ಣ, ವಾಸನೆ, ಜಿಡ್ಡು ಯಾವುದೂ ಇಲ್ಲದ ಶುದ್ಧ ನೀರು. ಅದಕ್ಕೆ ಹೆದರಬೇಕಾಗಿಲ್ಲ.

ಎಷ್ಟೋ ಬಾರಿ ನೆಲದ ಮೇಲೆ ಒಂದು ಹನಿಯೂ ಕಾಣಿಸದು. ಒತ್ತಡವಿದ್ದಾಗ ಮಾತ್ರ ಜಿನುಗುವ ನೀರು ಬಿಸಿ ಲೋಹದ ಮೇಲೆ ಬಿದ್ದು ಆವಿಯಾಗಿಬಿಡುತ್ತದೆ. ಆದರೆ ಅದು ಗುರುತು ಬಿಡದೆ ಹೋಗುವುದಿಲ್ಲ. ಒಣಗಿದ ಜಾಗದಲ್ಲಿ ಬಿಳಿ, ಹಸಿರು ಅಥವಾ ತುಕ್ಕಿನ ಬಣ್ಣದ ಗೆರೆ ಉಳಿಯುತ್ತದೆ. ಈ ಭಾಗದ ಧೂಳೂ ಇಲ್ಲಿ ಸಹಾಯಕ್ಕೆ ಬರುತ್ತದೆ: ಎಂಜಿನ್ ಮೇಲೆಲ್ಲ ಒಣ ಧೂಳಿದ್ದು ಒಂದೆಡೆ ಮಾತ್ರ ಕೆಸರಿನಂತೆ ಅಂಟಿದ್ದರೆ ಸೋರಿಕೆ ಅದರ ಮೇಲ್ಭಾಗದಲ್ಲೇ ಇದೆ. ತಪಾಸಣೆಗೆ ಮುನ್ನ ಎಂಜಿನ್ ತೊಳೆಸಿದರೆ ಈ ಸಾಕ್ಷ್ಯವೆಲ್ಲ ಅಳಿಸಿಹೋಗುತ್ತದೆ.

ನೋಡಬೇಕಾದ ಜಾಗಗಳಿಗೂ ಒಂದು ಕ್ರಮವಿದೆ. ಮೊದಲು ಮೇಲಿನ, ಕೆಳಗಿನ ಹೋಸ್ ಪೈಪ್‌ಗಳು ಮತ್ತು ಅವುಗಳ ಕ್ಲಿಪ್‌ಗಳು. ಹಳೆಯ ರಬ್ಬರ್ ಹಿಂಡಿದಾಗ ಬಿರುಕು ಬಿಟ್ಟರೆ ಅಥವಾ ಉಬ್ಬಿ ಮೆತ್ತಗಾಗಿದ್ದರೆ ಬದಲಿಸಲೇಬೇಕು. ನಂತರ ರೇಡಿಯೇಟರ್‌ನ ಜಾಲರಿ ಮತ್ತು ಅದರ ಮೇಲಿನ, ಕೆಳಗಿನ ತೊಟ್ಟಿಗಳ ಬೆಸುಗೆ. ಆಮೇಲೆ ವಾಟರ್ ಪಂಪ್. ಪಂಪ್‌ನ ಅಡಿಯಲ್ಲಿ ನೀರು ಜಿನುಗಲೆಂದೇ ಇರಿಸಿದ ಸಣ್ಣ ರಂಧ್ರವಿರುತ್ತದೆ. ಅಲ್ಲಿಂದ ಹನಿ ಬರುತ್ತಿದ್ದರೆ ಒಳಗಿನ ಸೀಲ್ ಸೋತಿದೆ ಎಂದರ್ಥ. ಆ ರಂಧ್ರವನ್ನು ಮುಚ್ಚಿದರೆ ನೀರು ಬೇರಿಂಗ್‌ಗೆ ನುಗ್ಗಿ ಪಂಪ್ ಕೈಕೊಡುತ್ತದೆ. ಎಂಜಿನ್ ನಿಂತಿರುವಾಗ ಪುಲ್ಲಿಯನ್ನು ಹಿಡಿದು ಅಲುಗಾಡಿಸಿದರೆ ಬೇರಿಂಗ್ ಸಡಿಲವಾಗಿರುವುದೂ ಗೊತ್ತಾಗುತ್ತದೆ.

ಕಣ್ಣಿಗೆ ಬೀಳದ ಇನ್ನೂ ಎರಡು ಜಾಗಗಳಿವೆ. ಎಂಜಿನ್ ಬ್ಲಾಕ್‌ನ ಪಕ್ಕಗಳಲ್ಲಿ ನಾಣ್ಯದಾಕಾರದ ತೆಳು ಲೋಹದ ಬಿಲ್ಲೆಗಳನ್ನು ಕೂರಿಸಿರುತ್ತಾರೆ. ವರ್ಷಗಟ್ಟಲೆ ಬರೀ ನೀರು ಹಾಕಿದ ಗಾಡಿಗಳಲ್ಲಿ ಇವು ಒಳಗಿನಿಂದ ತುಕ್ಕು ಹಿಡಿದು ತೂತಾಗುತ್ತವೆ. ಎರಡನೆಯದು, ಹೀಟರ್ ಇರುವ ಕಾರಿನಲ್ಲಿ ಡ್ಯಾಶ್‌ಬೋರ್ಡ್ ಒಳಗಿನ ಪುಟ್ಟ ರೇಡಿಯೇಟರ್. ಅದು ಸೋರಿದರೆ ಮುಂದಿನ ಸೀಟಿನ ಕಾಲಡಿಯ ಹಾಸು ಒದ್ದೆಯಾಗುತ್ತದೆ, ಗಾಜಿನ ಒಳಮೈಗೆ ಜಿಡ್ಡಿನ ಮಂಜು ಕೂರುತ್ತದೆ. ಬೇಸಿಗೆಯಲ್ಲಿ ಹೀಟರ್ ನೆನಪು ಯಾರಿಗೂ ಬಾರದ ಕಾರಣ ಈ ಸೋರಿಕೆ ಬಹುಕಾಲ ಗುಟ್ಟಾಗಿಯೇ ಉಳಿಯುತ್ತದೆ.

ಇಷ್ಟಾದರೂ ಜಾಗ ಸಿಗದಿದ್ದರೆ ಒತ್ತಡ ಪರೀಕ್ಷೆ ಮಾಡಿಸಬೇಕು. ತಣ್ಣಗಿನ ಎಂಜಿನ್‌ನ ರೇಡಿಯೇಟರ್ ಬಾಯಿಗೆ ಮಾಪಕವಿರುವ ಕೈಪಂಪ್ ಜೋಡಿಸಿ, ಮುಚ್ಚಳದ ಮೇಲೆ ನಮೂದಿಸಿದಷ್ಟೇ ಒತ್ತಡ ತುಂಬಿ, ಹತ್ತು–ಹದಿನೈದು ನಿಮಿಷ ಕಾಯುವುದು ಇದರ ಕ್ರಮ. ಮುಳ್ಳು ಇಳಿಯದಿದ್ದರೆ ಹೊರಗಿನ ಸೋರಿಕೆಯ ಸಂಭವ ಕಡಿಮೆ. ಇಳಿಯುತ್ತಿದ್ದು, ಹೊರಗೆ ಎಲ್ಲಿಯೂ ತೇವ ಕಾಣದಿದ್ದರೆ ನೀರು ಒಳಗೆ ಹೋಗುತ್ತಿದೆ.

ಎಲ್ಲಕ್ಕಿಂತ ಅಗ್ಗದ ಭಾಗವನ್ನು ಮಾತ್ರ ಎಲ್ಲರೂ ಮರೆಯುತ್ತಾರೆ. ಅದು ಮುಚ್ಚಳ. ಅದರ ರಬ್ಬರ್ ಗಟ್ಟಿಯಾಗಿದ್ದರೆ, ಸ್ಪ್ರಿಂಗ್ ಸಡಿಲವಾಗಿದ್ದರೆ ಒತ್ತಡ ನಿಲ್ಲದು. ದೊಡ್ಡ ರಿಪೇರಿಗೆ ಕೈಹಾಕುವ ಮುನ್ನ ಅದೇ ಒತ್ತಡದ ಅಂಕಿಯಿರುವ ಹೊಸ ಮುಚ್ಚಳ ಹಾಕಿ ವಾರ ನೋಡುವುದು ಜಾಣತನ. ಹೆಚ್ಚಿನ ಒತ್ತಡದ್ದು ಒಳ್ಳೆಯದೆಂದು ತಂದು ಹಾಕಿದರೆ ಹಳೆಯ ರೇಡಿಯೇಟರ್‌ನ ಬೆಸುಗೆಯೇ ಬಿಡಬಹುದು.

ಕಾದದ್ದರಿಂದ ನೀರು ಹೋಯಿತೋ, ನೀರು ಹೋದದ್ದರಿಂದ ಕಾಯಿತೋ?

ನೀರಿನ ನಷ್ಟ ಮತ್ತು ಎಂಜಿನ್ ಕಾಯುವಿಕೆ ಒಟ್ಟಿಗೇ ಕಾಣಿಸಿಕೊಳ್ಳುವುದರಿಂದ ಯಾವುದು ಕಾರಣ, ಯಾವುದು ಪರಿಣಾಮ ಎಂಬ ಗೊಂದಲ ಸಹಜ. ತೊಂದರೆ ಯಾವಾಗ ಬರುತ್ತದೆ ಎಂಬುದೇ ಇಲ್ಲಿ ಸುಳಿವು.

ಬನಶಂಕರಿ ಜಾತ್ರೆಯ ದಿನಗಳಲ್ಲಿ ಬಾದಾಮಿ–ಬನಶಂಕರಿ ನಡುವಿನ ಐದು ಕಿಲೋಮೀಟರ್ ದಾರಿಯಲ್ಲಿ ಆಮೆಗತಿಯಲ್ಲಿ ಸಾಗುವಾಗ ಮಾತ್ರ ಕುದಿದು ನೀರು ಉಕ್ಕಿಸುವ ಕಾರು, ಕುಳಗೇರಿ ಕ್ರಾಸ್ ದಾಟಿ ಹೆದ್ದಾರಿಗೆ ಬಿದ್ದೊಡನೆ ಸರಿಹೋದರೆ ದೋಷ ಫ್ಯಾನ್‌ನದು. ವಿದ್ಯುತ್ ಫ್ಯಾನ್ ಇರುವ ಕಾರಿನಲ್ಲಿ ಅದನ್ನು ಚಾಲೂ ಮಾಡುವ ಸ್ವಿಚ್, ಫ್ಯೂಸ್, ಮೋಟರ್ ನೋಡಬೇಕು. ಅಂಬಾಸಿಡರ್‌ನಂತೆ ಬೆಲ್ಟ್‌ನಿಂದ ತಿರುಗುವ ಫ್ಯಾನ್ ಆದರೆ ಬೆಲ್ಟ್‌ನ ಬಿಗಿತ ನೋಡಬೇಕು. ಊರೊಳಗೆ ಸರಿಯಿದ್ದು, ವೇಗದಲ್ಲಿ ಅಥವಾ ಏರಿನಲ್ಲಿ ಮಾತ್ರ ಕಾದರೆ ರೇಡಿಯೇಟರ್ ಕಟ್ಟಿಕೊಂಡಿರುವ ಅಥವಾ ಹೆಡ್ ಗ್ಯಾಸ್ಕೆಟ್ ಸೋತಿರುವ ಶಂಕೆ ಬಲವಾಗುತ್ತದೆ. ನಿಂತಲ್ಲೇ ರಾತ್ರಿಯಿಡೀ ಮಟ್ಟ ಇಳಿದರೆ ಅದು ನೇರ ಸೋರಿಕೆ.

ಒಳಗಿನ ಸೋರಿಕೆ: ನಿಜವಾದ ಅಪಾಯ

ಸಿಲಿಂಡರ್ ಬ್ಲಾಕ್ ಮತ್ತು ಹೆಡ್ ನಡುವೆ ತೆಳುವಾದ ಹೆಡ್ ಗ್ಯಾಸ್ಕೆಟ್ ಇರುತ್ತದೆ. ಉರಿಯುವ ಅನಿಲ, ನೀರು, ಆಯಿಲ್ ಮೂರನ್ನೂ ಬೇರೆಬೇರೆಯಾಗಿ ಹಿಡಿದಿಡುವುದು ಇದೇ. ಎಂಜಿನ್ ಒಮ್ಮೆ ವಿಪರೀತ ಕಾದರೆ ಹೆಡ್ ಬಾಗುತ್ತದೆ, ಗ್ಯಾಸ್ಕೆಟ್‌ನ ಹಿಡಿತ ತಪ್ಪುತ್ತದೆ. ಮಾರುತಿ 800ರಲ್ಲಿರುವಂಥ ಅಲ್ಯೂಮಿನಿಯಂ ಹೆಡ್ ಬೇಗ ಬಾಗುತ್ತದೆ. ಅಂಬಾಸಿಡರ್‌ನ ಹಳೆಯ ಪೆಟ್ರೋಲ್ ಎಂಜಿನ್‌ನ ಎರಕದ ಕಬ್ಬಿಣದ ಹೆಡ್ ಹೆಚ್ಚು ತಾಳಿಕೊಳ್ಳುತ್ತದೆಯಾದರೂ ಅದೂ ಬಿರುಕು ಬಿಡುವುದುಂಟು.

ನೀರು ಸಿಲಿಂಡರ್ ಸೇರುತ್ತಿದ್ದರೆ ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರ್‌ನಿಂದ ದಟ್ಟ ಬಿಳಿ ಹೊಗೆ ಬರುತ್ತದೆ. ಚಳಿಗಾಲದ ಬೆಳಿಗ್ಗೆ ಒಂದೆರಡು ನಿಮಿಷ ಕಾಣುವ ತೆಳು ಆವಿ ಇದಲ್ಲ. ಬೆಳಿಗ್ಗೆ ಚಾಲೂ ಮಾಡಿದಾಗ ಎಂಜಿನ್ ಕೆಲಹೊತ್ತು ತಡವರಿಸುತ್ತದೆ. ಪೆಟ್ರೋಲ್ ಎಂಜಿನ್‌ನ ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿದರೆ ಒಂದು ಮಾತ್ರ ತೊಳೆದಿಟ್ಟಂತೆ ಸ್ವಚ್ಛವಾಗಿರುತ್ತದೆ. ಆ ಸಿಲಿಂಡರ್‌ನಲ್ಲಿಯೇ ನೀರು ಸುಟ್ಟು ಆವಿಯಾಗುತ್ತಿದೆ.

ಸಿಲಿಂಡರ್‌ನ ಅನಿಲ ನೀರಿಗೆ ನುಗ್ಗುವುದು ಇನ್ನೊಂದು ಬಗೆ. ಆಗ ತಣ್ಣಗಿನ ಎಂಜಿನ್ ಚಾಲೂ ಮಾಡಿದ ಒಂದೆರಡು ನಿಮಿಷಗಳಲ್ಲೇ, ನೀರು ಕಾಯುವ ಮೊದಲೇ ಮೇಲಿನ ಹೋಸ್ ಪೈಪ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ತಣ್ಣಗಿರುವಾಗಲೇ ಮುಚ್ಚಳ ತೆಗೆದು ಚಾಲೂ ಮಾಡಿ ನೋಡಿದರೆ ಗುಳ್ಳೆಗಳು ನಿಲ್ಲದೆ ಏಳುತ್ತವೆ. ಮೊದಲಿಗೆ ಕೆಲವು ಗುಳ್ಳೆ ಬಂದು ನಿಂತರೆ ಅದು ಸಿಕ್ಕಿಕೊಂಡ ಗಾಳಿ ಅಷ್ಟೆ. ಈ ಪರೀಕ್ಷೆಯನ್ನು ನೀರು ಬಿಸಿಯಾಗುವ ಮೊದಲೇ ಮುಗಿಸಬೇಕು. ಸೆರಗು, ಧೋತರ, ಟವೆಲ್ ಫ್ಯಾನ್ ಹತ್ತಿರ ಸುಳಿಯದಂತೆ ನೋಡಿಕೊಳ್ಳಬೇಕು. ಸಂದೇಹ ಉಳಿದರೆ ರೇಡಿಯೇಟರ್ ಬಾಯಿಯ ಗಾಳಿಯನ್ನು ನೀಲಿ ದ್ರಾವಣದ ಮೂಲಕ ಹಾಯಿಸುವ ಪರೀಕ್ಷೆಯಿದೆ. ಇಂಗಾಲದ ಡೈಆಕ್ಸೈಡ್ ಇದ್ದರೆ ನೀಲಿ ಹಳದಿಗೆ ತಿರುಗುತ್ತದೆ. ಕಂಪ್ರೆಷನ್ ಪರೀಕ್ಷೆಯಲ್ಲಿ ಅಕ್ಕಪಕ್ಕದ ಎರಡು ಸಿಲಿಂಡರ್‌ಗಳ ಒತ್ತಡ ಒಟ್ಟಿಗೇ ಕುಸಿದಿದ್ದರೆ ಅವುಗಳ ನಡುವಿನ ಗ್ಯಾಸ್ಕೆಟ್ ಹೋಗಿದೆ ಎಂದು ತಿಳಿಯಬಹುದು.

ಮೂರನೆಯ ದಾರಿ ಆಯಿಲ್‌ನದು. ಡಿಪ್‌ಸ್ಟಿಕ್ ಎಳೆದಾಗ ಆಯಿಲ್ ಹಾಲು ಬೆರೆಸಿದ ಚಹಾದಂತೆ ಕಂಡರೆ, ಅಥವಾ ಹಾಕದೆಯೇ ಅದರ ಮಟ್ಟ ಏರಿದ್ದರೆ ಗಾಡಿಯನ್ನು ಅಲ್ಲಿಯೇ ನಿಲ್ಲಿಸಬೇಕು. ನೀರು ಬೆರೆತ ಆಯಿಲ್ ಬೇರಿಂಗ್‌ಗಳನ್ನು ಕಾಪಾಡಲಾರದು. ಕೆಲವು ಡೀಸೆಲ್ ಎಂಜಿನ್‌ಗಳಲ್ಲಿ ಸಿಲಿಂಡರ್ ಲೈನರ್‌ನ ಹೊರಮೈಗೆ ನೇರವಾಗಿ ನೀರು ತಾಗುತ್ತದೆ. ಅದರ ಬುಡದ ರಬ್ಬರ್ ಉಂಗುರ ಸೋತರೂ ನೀರು ಆಯಿಲ್ ಸೇರುತ್ತದೆ. ಆಯಿಲ್ ಹಾಕುವ ಮುಚ್ಚಳದ ಒಳಗೆ ಮಾತ್ರ ಸ್ವಲ್ಪ ಬಿಳಿ ಕೆನೆ ಇದ್ದು ಡಿಪ್‌ಸ್ಟಿಕ್ ಸ್ವಚ್ಛವಾಗಿದ್ದರೆ ಗಾಬರಿ ಬೇಡ. ಕಡಿಮೆ ದೂರ ಓಡುವ ಗಾಡಿಗಳಲ್ಲಿ ಒಳಗಿನ ತೇವ ಹೀಗೆ ಕೂರುತ್ತದೆ.

ಬೆಳಿಗ್ಗೆ ಕೀಲಿ ತಿರುಗಿಸಿದಾಗ ಎಂಜಿನ್ ಅರ್ಧ ಸುತ್ತಿ ಗೋಡೆಗೆ ಬಡಿದಂತೆ ನಿಂತರೆ ಮತ್ತೆ ಯತ್ನಿಸಬಾರದು, ತಳ್ಳಿಯೂ ಚಾಲೂ ಮಾಡಬಾರದು. ಸಿಲಿಂಡರ್‌ನಲ್ಲಿ ನೀರು ತುಂಬಿರಬಹುದು. ನೀರನ್ನು ಒತ್ತಿ ಕುಗ್ಗಿಸಲಾಗದ ಕಾರಣ ಕನೆಕ್ಟಿಂಗ್ ರಾಡ್ ಬಾಗುವ ಸಂಭವವಿದೆ.

ಅರಿಶಿನ, ಥರ್ಮೋಸ್ಟಾಟ್ ಮತ್ತು ಸವಳು ನೀರು

ರೇಡಿಯೇಟರ್ ಸೋರಿದಾಗ ಅದಕ್ಕೆ ಅರಿಶಿನ ಪುಡಿ ಹಾಕುವುದು ಲಾರಿ ಚಾಲಕರ ಹಳೆಯ ಉಪಾಯ. ಪುಡಿ ಉಬ್ಬಿ ಸಣ್ಣ ತೂತನ್ನು ಕಟ್ಟುವುದರಿಂದ ಮುಂದಿನ ಊರು ಮುಟ್ಟಬಹುದು. ಅಂಗಡಿಯಲ್ಲಿ ಸಿಗುವ ಸೋರಿಕೆ ತಡೆಯುವ ದ್ರಾವಣಗಳ ತತ್ವವೂ ಇದೇ. ಆದರೆ ತೂತನ್ನು ಕಟ್ಟುವ ವಸ್ತು ರೇಡಿಯೇಟರ್‌ನ ಸೂಕ್ಷ್ಮ ನಾಳಗಳನ್ನೂ ಕಟ್ಟುತ್ತದೆ. ಊರು ಮುಟ್ಟಿದ ಮೇಲೆ ವ್ಯವಸ್ಥೆಯನ್ನು ತೊಳೆದು ನಿಜವಾದ ರಿಪೇರಿ ಮಾಡಿಸದಿದ್ದರೆ ಉಪಾಯವೇ ಅಪಾಯವಾಗುತ್ತದೆ.

‘ಬಿಸಿಲು ಪ್ರದೇಶಕ್ಕೆ ಥರ್ಮೋಸ್ಟಾಟ್ ಬೇಡ’ ಎಂದು ತೆಗೆದುಹಾಕುವ ರೂಢಿಯೂ ಇದೆ. ಸಾಮಾನ್ಯವಾಗಿ 82ರಿಂದ 88 ಡಿಗ್ರಿಯಲ್ಲಿ ತೆರೆಯುವ ಈ ಬಾಗಿಲು ಇಲ್ಲವಾದರೆ ಎಂಜಿನ್ ತಕ್ಕ ಶಾಖಕ್ಕೆ ತಡವಾಗಿ ಬರುತ್ತದೆ, ಇಂಧನ ಹೆಚ್ಚು ಸುಡುತ್ತದೆ, ಸವೆತವೂ ಹೆಚ್ಚು. ಕೆಲವು ಎಂಜಿನ್‌ಗಳಲ್ಲಿ ನೀರು ರೇಡಿಯೇಟರ್‌ಗೆ ಹೋಗದೆ ಅಡ್ಡದಾರಿ ಹಿಡಿದು ಇನ್ನಷ್ಟು ಕಾಯುವುದೂ ಉಂಟು. ಕೆಟ್ಟ ಥರ್ಮೋಸ್ಟಾಟ್‌ಗೆ ಹೊಸದನ್ನು ಹಾಕುವುದೇ ಪರಿಹಾರ.

ಇನ್ನು ನೀರಿನ ವಿಚಾರ. ಬಾಗಲಕೋಟೆ ಜಿಲ್ಲೆಯ ಹಲವೆಡೆ ಕೊಳವೆಬಾವಿ ನೀರು ಗಡಸು. ಭಾರತೀಯ ಮಾನಕ ಸಂಸ್ಥೆಯ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವಿಲ್ಲದಿದ್ದರೆ ಮಾತ್ರ 600ರವರೆಗೆ ಅನುಮತಿ. ಲೀಟರಿಗೆ 500 ಮಿಲಿಗ್ರಾಂ ಗಡಸುತನವಿರುವ ನೀರನ್ನು ವಾರಕ್ಕೊಂದು ಲೀಟರ್ ಸೇರಿಸಿದರೆ ವರ್ಷಕ್ಕೆ 26 ಗ್ರಾಂ ಸುಣ್ಣದಂಶ ಎಂಜಿನ್ ಪ್ರವೇಶಿಸುತ್ತದೆ. ನೀರು ಆವಿಯಾಗಿ ಹೋಗುತ್ತಿದ್ದರೆ ಆ ಅಂಶವೆಲ್ಲ ಒಳಗೇ ಉಳಿಯುತ್ತದೆ. ಮನೆಯ ನೀರು ಕಾಯಿಸುವ ಹಂಡೆಯ ತಳದಲ್ಲಿ ಕಟ್ಟುವ ಬಿಳಿ ಪದರವೇ ಎಂಜಿನ್‌ನ ಬಿಸಿ ಗೋಡೆಗಳಲ್ಲೂ ಕಟ್ಟಿ, ಶಾಖ ನೀರಿಗೆ ದಾಟದಂತೆ ತಡೆಯುತ್ತದೆ.

ಬ್ಯಾಟರಿಗೆ ಹಾಕುವ ಬಟ್ಟಿ ಇಳಿಸಿದ ನೀರು ಮತ್ತು ಕೂಲಂಟ್ ದ್ರಾವಣವನ್ನು ಡಬ್ಬಿಯ ಮೇಲೆ ಸೂಚಿಸಿದ ಪ್ರಮಾಣದಲ್ಲಿ ಬೆರೆಸುವುದು ಸೂಕ್ತ. ಕೂಲಂಟ್ ಹಿಮಗಟ್ಟುವ ನಾಡಿಗೆ ಮಾತ್ರ ಬೇಕೆಂಬುದು ತಪ್ಪು ತಿಳಿವಳಿಕೆ. ಅದು ಕುದಿಬಿಂದುವನ್ನು ಏರಿಸುತ್ತದೆ, ತುಕ್ಕನ್ನೂ ತಡೆಯುತ್ತದೆ. ಆದರೆ ಅದರಲ್ಲಿರುವ ಇಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಗುಣಕ್ಕೆ ವಿಷ. ಕುಡಿಯುವ ನೀರಿನ ಬಾಟಲಿಯಲ್ಲಿ ಅದನ್ನು ಇಡಬಾರದು. ನೆಲಕ್ಕೆ ಚೆಲ್ಲಿದ್ದನ್ನು ನಾಯಿಗಳು ನೆಕ್ಕದಂತೆ ತೊಳೆದುಬಿಡಬೇಕು.

ದಾರಿಯಲ್ಲಿ ಕಾದು ನಿಂತಾಗ

ಮುಳ್ಳು ಕೆಂಪಿನತ್ತ ಸರಿದರೆ ಎ.ಸಿ. ಆರಿಸಿ, ಸುರಕ್ಷಿತ ಜಾಗದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಬಂದ್ ಮಾಡಬೇಕು. ಮುಳ್ಳನ್ನು ಪೂರ್ಣ ನಂಬುವಂತೆಯೂ ಇಲ್ಲ. ನೀರು ತೀರಾ ಕಡಿಮೆಯಾದರೆ ಸಂವೇದಕ ನೀರಿನಲ್ಲಿ ಮುಳುಗಿರದೆ ತಪ್ಪು ಮಾಹಿತಿ ಕೊಡುತ್ತದೆ. ಎಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗೇ ಇರಬಹುದು. ಬಿಸಿ ಲೋಹದ ವಾಸನೆ, ಶಕ್ತಿ ಕುಂದುವುದು, ಟಕಟಕ ಸದ್ದು ಇವೂ ಎಚ್ಚರಿಕೆಗಳೇ.

ಬಿಸಿ ರೇಡಿಯೇಟರ್ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬಾರದು. ಒತ್ತಡ ತಪ್ಪಿದೊಡನೆ 110 ಡಿಗ್ರಿಯ ನೀರು ಕ್ಷಣದಲ್ಲಿ ಕುದಿದು ಮುಖಕ್ಕೆ ಚಿಮ್ಮುತ್ತದೆ. ಒದ್ದೆ ಬಟ್ಟೆ ಹಿಡಿದು ತೆಗೆಯುವುದೂ ಸುರಕ್ಷಿತವಲ್ಲ. ಕನಿಷ್ಠ ಅರ್ಧ ಗಂಟೆ ಕಾದು, ಮೇಲಿನ ಹೋಸ್ ಪೈಪ್ ಮುಟ್ಟುವಂತಾಗಿ, ಹಿಂಡಿದಾಗ ಮೆತ್ತಗೆ ಅನಿಸಿದ ಮೇಲೆ ಮಾತ್ರ ನಿಧಾನವಾಗಿ ತಿರುಗಿಸಬೇಕು. ಸುಟ್ಟ ಗಾಯವಾದರೆ 20 ನಿಮಿಷ ಹರಿಯುವ ತಣ್ಣೀರಿನಡಿ ಹಿಡಿದು ಆಸ್ಪತ್ರೆಗೆ ಹೋಗಬೇಕು. ಮಂಜುಗಡ್ಡೆ, ಟೂತ್‌ಪೇಸ್ಟ್ ಹಚ್ಚಬಾರದು. ಕಾದ ಎಂಜಿನ್‌ಗೆ ಒಮ್ಮೆಲೇ ತಣ್ಣೀರು ಸುರಿದರೆ ಲೋಹ ಬಿರಿಯುತ್ತದೆ ಎಂಬುದೂ ನೆನಪಿರಲಿ.

ಹೆಡ್ ಬಿಚ್ಚಲೇಬೇಕಾಗಿ ಬಂದರೆ ಬರೀ ಗ್ಯಾಸ್ಕೆಟ್ ಬದಲಿಸಿ ಮುಚ್ಚಲು ಒಪ್ಪಬಾರದು. ಹೆಡ್ ಸಮತಟ್ಟಾಗಿದೆಯೇ, ಬಿರುಕಿದೆಯೇ ಎಂದು ಪರೀಕ್ಷಿಸಿ, ಬಾಗಿದ್ದರೆ ಲೇತ್‌ನಲ್ಲಿ ಮಟ್ಟ ಮಾಡಿಸಿ, ಬೋಲ್ಟ್‌ಗಳನ್ನು ಟಾರ್ಕ್ ರೆಂಚ್‌ನಿಂದ ನಿಗದಿತ ಕ್ರಮದಲ್ಲಿ ಬಿಗಿಗೊಳಿಸಬೇಕು. ಮೊದಲು ಎಂಜಿನ್ ಕಾಯಲು ಕಾರಣವಾದ ಸೋರಿಕೆಯನ್ನೂ ಹುಡುಕಿ ಸರಿಪಡಿಸಬೇಕು. ಇಲ್ಲವಾದರೆ ಹೊಸ ಗ್ಯಾಸ್ಕೆಟ್‌ಗೂ ಅದೇ ಗತಿ.

ಅಂಬಾಸಿಡರ್, ಮಾರುತಿ 800 ಎರಡರ ತಯಾರಿಕೆಯೂ 2014ರಲ್ಲೇ ನಿಂತಿದೆ. ಖಾಸಗಿ ಕಾರಿನ ನೋಂದಣಿಯನ್ನು 15 ವರ್ಷಗಳ ಬಳಿಕ, ವಾಹನ ಯೋಗ್ಯವಾಗಿದ್ದರೆ, ಐದೈದು ವರ್ಷಕ್ಕೆ ನವೀಕರಿಸಲು ಅವಕಾಶವಿದೆ. ಹೊಸ ಕಾರು ಕೊಳ್ಳಲಾಗದ ಕುಟುಂಬಕ್ಕೆ ಹಳೆಯದನ್ನು ಉಳಿಸಿಕೊಳ್ಳುವುದೇ ಉಳಿದ ದಾರಿ. ಅದಕ್ಕೆ ಬೇಕಾದುದು ದುಬಾರಿ ಉಪಕರಣವೇನಲ್ಲ. ಬೆಳಿಗ್ಗೆ ಐದು ನಿಮಿಷದ ನೋಟ, ಬಾಟಲಿಯ ಮೇಲೊಂದು ಗುರುತು, ಎಂಜಿನ್ ಕೆಳಗೊಂದು ರಟ್ಟು. ಡಿಕ್ಕಿಯಲ್ಲಿ ನೀರಿನ ಬಾಟಲಿ ಇರಲಿ. ಆದರೆ ಎರಡನೇ ಬಾರಿ ಅದರ ಮುಚ್ಚಳ ತೆರೆಯಬೇಕಾಗಿ ಬಂದ ದಿನವೇ ಗಾಡಿಯನ್ನು ಗ್ಯಾರೇಜಿಗೆ ಒಯ್ಯುವುದು ಲೇಸು.